ಮೊಟ್ಟೆ ಬೇಯುವಷ್ಟು ಹೊತ್ತು

ದೊಡ್ಡಹನುಮಯ್ಯ ಯುವರಾಜನ ರಟ್ಟೆ ಹಿಡಿದು ಎಳೆದ. ಹಿತ್ತಿಲ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದವನು ಎಳೆದ ಕಡೆಗೆ ಸ್ವಲ್ಪ ವಾಲಿ, ಕೈ ಬಿಟ್ಟ ಕೂಡಲೇ ಮತ್ತೆ ನೆಟ್ಟಗಾದ.

"ಎದ್ದೇಳ್ಲಾ. ನಿಮ್ಮವ್ವನ ಮೈ ತೊಳೆಯಕ್ಕೆ ನೀರು ಕಾಯಿಸ್ಬೇಕು. ಒಲೆ ಬುಟ್ಟು ಏಳು."

"ಹೂಂ," ಅಂದ ಯುವರಾಜ.

ಆ ಹೂಂ ದೊಡ್ಡಪ್ಪನಿಗೆ ಹೇಳಿದ್ದಲ್ಲ. ಅವನ ಮುಖವಿದ್ದುದು ಒಲೆಯ ಆಚೆ ಬದಿಗೆ, ಹೊಗೆ ಹಿಡಿದ ಗೋಡೆಯ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ಒಂದು ಮಾತು ಆಡಿ ಮುಗಿಸುವಷ್ಟು ಹೊತ್ತು ಸುಮ್ಮನಿದ್ದು ಮತ್ತೆ "ಹೂಂ" ಅಂದ. ಸುತ್ತ ನಿಂತವರು ಮುಖ ಮುಖ ನೋಡಿಕೊಂಡರು.

ಯುವರಾಜನಿಗೆ ಮೂವತ್ತು ದಾಟಿತ್ತು. ಗಡ್ಡ ಬಂದಿತ್ತು, ಮಾತು ಬಂದಿರಲಿಲ್ಲ. ಗಂಡುಮಗು ಹುಟ್ಟಿದ ಖುಷಿಗೆ ಅಪ್ಪ ಚಿಕ್ಕನರಸಯ್ಯ ಆ ಹೆಸರಿಟ್ಟು, ಮಗ ನೆಟ್ಟಗೆ ನಡೆಯುವುದನ್ನೂ ನೋಡದೆ ಕಣ್ಣು ಮುಚ್ಚಿದ್ದ. ಅಲ್ಲಿಂದ ಈಚೆಗೆ ಯುವರಾಜನ ರಾಜ್ಯಭಾರವೆಲ್ಲ ಈ ಹಿತ್ತಿಲಿನಲ್ಲೇ. ಅವನ ಬಾಯಿಂದ ಹೊರಡುತ್ತಿದ್ದುದು ಹೂಂ ಒಂದೇ, ಅದೂ ಅವ್ವ ದಾಸಮ್ಮ ಮಾತಾಡಿದಾಗ ಮಾತ್ರ. ಆ ದಾಸಮ್ಮ ಈಗ ಮನೆಯ ಮುಂದೆ ಶಾಮಿಯಾನದ ಕೆಳಗೆ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡು ಮಲಗಿದ್ದಳು. ನಿನ್ನೆ ಹುಣಸೆಹಣ್ಣು ಬಿಡಿಸುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದು, ಪುರವರ ದಾಟಿ ಮಧುಗಿರಿ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದಳು.

"ಅವನನ್ನ ಬುಟ್ಬುಡಿ ದೊಡ್ಡಪ್ಪ," ಅಂದಳು ರಾಧಾಮಣಿ. "ಅತ್ಲಾಗೆ ಕಲ್ಲು ಹೂಡಿ ನೀರು ಕಾಯ್ಸಾನ."

ರಾಧಾಮಣಿ ದಾಸಮ್ಮನ ಮಗಳು, ಯುವರಾಜನ ಅಕ್ಕ. ಸಿರಾದಲ್ಲಿ ಸೀರೆ ಅಂಗಡಿಯೊಂದರ ಕೆಲಸ. ಗಂಡ ನರಸಿಂಹರಾಜು ಅಲ್ಲೇ ಲಗೇಜು ಟೆಂಪೋ ಓಡಿಸುತ್ತಾನೆ. ಸುದ್ದಿ ತಿಳಿದ ಕೂಡಲೇ ಇಬ್ಬರೂ ಅದೇ ಟೆಂಪೋದಲ್ಲಿ ಬಂದಿದ್ದರು. ಬಂದಾಗಿನಿಂದ ಅವಳಿಗೆ ಅಳು ಬಂದಿರಲಿಲ್ಲ. ತಮ್ಮನ ಚಿಂತೆ ಅಳುವಿಗೆ ಅಡ್ಡ ಕೂತಿತ್ತು.

ದೊಡ್ಡಹನುಮಯ್ಯ ಅವಳನ್ನು ಗೋಡೆಯ ಪಕ್ಕಕ್ಕೆ ಕರೆದ.

"ನಾನೂ ಮುದುಕ ಆದೆ ಕಣಮ್ಮ, ನನ್ ಕೈಲಿ ಇವನನ್ನ ನೋಡ್ಕಳಕ್ಕಾಗಲ್ಲ. ಕೊರಟಗೆರೆ ತಾವ ಇಂಥೋರ್ನ ಇಟ್ಕಳೋ ಒಂದು ಆಶ್ರಮ ಐತೆ. ಫೋನ್ ಮಾಡ್ಸಿದೀನಿ. ನಾಳೆ ಹೊತ್ತಾರೆ ವ್ಯಾನ್ ಕಳಿಸ್ತಾರಂತೆ."

"ಅವ್ವ ಇನ್ನೂ ಮನೆ ಮುಂದೆ ಮಲಗವ್ಳೆ. ಅಷ್ಟ್ರಾಗೆ ನಿಮ್ಗೆ ವ್ಯಾನಾ?"

"ರಾಧಾ, ಅವ್ರನ್ನ ಯಾಕೆ ಅಂತೀಯ?" ಅಂದ ನರಸಿಂಹರಾಜು. "ನಮ್ಮನೇಲಿ ಒಂದ್ ಮೂಲೇಲಿ ಇರ್ತಾನೆ, ನಾನೇನು ಬ್ಯಾಡ ಅಂದ್ನಾ? ಆದ್ರೆ ನಿನ್ ಕೈಲಿ ಉಣ್ಬೇಕಲ್ಲ. ನಿನ್ನೆ ಹೊತ್ತಾರೆ ನಿಮ್ಮವ್ವ ತಿನ್ಸಿದ್ದೇ ಕೊನೆ. ನೀನ್ ಇಡ್ಲಿ ಕೊಟ್ಟೆ, ಬಾಳೆಹಣ್ಣು ಕೊಟ್ಟೆ, ಮೂತಿ ತಿರುಗುಸ್ದ. ಇವತ್ತು ನಿನ್ ಕೈಲಿ ಉಂಡ್ರೆ ಕರ್ಕೊಂಡೋಗನ. ಉಣ್ದಲೆ ಸೊರಗಿ ಸೊರಗಿ ನಮ್ಮನೇಲೇ ಹೆಣ ಆದ್ರೆ ಏನ್ ಮಾಡ್ತೀಯ?"

ಗಂಡ ಕೆಟ್ಟವನಲ್ಲ. ಅವನು ಹೇಳಿದ್ದು ನಿಜವೂ ಆಗಿತ್ತು.

"ಅವನು ತಿನ್ನೋದು ಮೊಟ್ಟೆ. ಮೊದ್ಲು ಮೊಟ್ಟೆ ಕೊಟ್ರೇನೆ ಆಮೇಲೆ ಮುದ್ದೆ, ಅನ್ನ. ಬೇಯ್ಸಿ ಕೊಡ್ತೀನಿ ತಾಳಿ."

"ಯಮ್ಮಾ, ಸೂತಕದ ಮನೇಲಾ?" ಹೂವಿನ ಹಾರ ಬಿಡಿಸುತ್ತಿದ್ದ ನಾಗರತ್ನಮ್ಮ ತಲೆಯೆತ್ತಿದಳು. ಅವಳು ದಾಸಮ್ಮನ ತಂಗಿ. "ಹೆಣ ಎತ್ತಾಗಂಟ ಅಡಿಗೆ ಒಲೆ ಹಚ್ಚಂಗಿಲ್ಲ. ಮೊಟ್ಟೆ ಅಂತೂ ಮೂರ್ ದಿನಕ್ಕೆ ಹಾಲುತುಪ್ಪ ಬುಟ್ಟು, ಗುಂಡಿ ಮೇಲೆ ಎಡೆ ಇಟ್ ಮೇಲೇನೇ. ನಿಂಗೊತ್ತಿಲ್ವಾ?"

ಗೊತ್ತಿತ್ತು. ಹಿತ್ತಿಲಿನಿಂದ ಮತ್ತೊಂದು ಹೂಂ ಕೇಳಿಸಿತು. ನಾಗರತ್ನಮ್ಮ ಹಾರವನ್ನು ಕೈಯಲ್ಲೇ ಹಿಡಿದು ಆ ಕಡೆ ತಿರುಗಿದಳು.

* * *

ಯುವರಾಜ ಬೇಯಿಸಿದ ಮೊಟ್ಟೆಯನ್ನು ಮೊದಲು ಕಂಡದ್ದು ಆಸ್ಪತ್ರೆಯಲ್ಲಿ. ನಾಲಗೆಗೆ ತಾಗಿದ್ದನ್ನೆಲ್ಲ ಉಗುಳುತ್ತಿದ್ದ ಮಗು, ಕಡ್ಡಿಯ ಹಾಗಿತ್ತು. ಜ್ವರ ಬಂದು ಮಲಗಿಸಿದ್ದಾಗ ಹಾಲು ಬ್ರೆಡ್ಡಿನ ಜೊತೆ ಯಾರೋ ಒಂದು ಸುಲಿದ ಮೊಟ್ಟೆ ಕೊಟ್ಟರು. ಅವನು ಅದನ್ನು ಕೈಯಲ್ಲಿ ಉರುಳಿಸಿ, ಕೆನ್ನೆಗೆ ಉಜ್ಜಿಕೊಂಡು, ನಕ್ಕು, ಪೂರ್ತಿ ತಿಂದ. ದಾಸಮ್ಮ ವಾರ್ಡಿನವರೆಲ್ಲ ನೋಡುವಂತೆ ಗೊಳೋ ಎಂದು ಅತ್ತಳು. ಮಗ ಬದುಕುತ್ತಾನೆ ಅಂತ ಅವಳಿಗೆ ಅನ್ನಿಸಿದ್ದೇ ಆವತ್ತು.

ಆದರೆ ಮೊಟ್ಟೆ ಬೇಯಿಸುವುದು ಅವಳಿಗೆ ಬರುತ್ತಿರಲಿಲ್ಲ. ಆ ಮನೆಯಲ್ಲಿ ಮೊಟ್ಟೆಯೆಂದರೆ ಕುದಿಯುವ ಸಾರಿಗೆ ಒಡೆದು ಹಾಕಿ ಎಲ್ಲರ ತಟ್ಟೆಗೂ ಚೂರು ಬರುವಂತೆ ಕದಡುವುದು. ಇಡಿಯಾಗಿ ಬೇಯಿಸಿ ಒಬ್ಬರ ಕೈಗೆ ಕೊಡುವುದನ್ನು ಯಾರು ಕಂಡಿದ್ದರು? ಕುದಿಯುವ ನೀರಿಗೆ ಬಿಟ್ಟಳು. ಬಿರಿದು ಬಿಳಿ ಎಳೆಯೆಳೆಯಾಗಿ ತೇಲಿತು. ಅನ್ನದ ಜೊತೆ ಹಾಕಿ ನೋಡಿದಳು. ಬೇಗ ತೆಗೆದರೆ ಒಳಗೆ ಲೋಳೆ, ಬಿಟ್ಟರೆ ಹಳದಿಯ ಸುತ್ತ ಕಪ್ಪಿಟ್ಟು ನಾತ. ಹದವಾಗಿ ಬೆಂದಿದೆ ಅಂದುಕೊಂಡರೆ ಸಿಪ್ಪೆ ಬಿಡುತ್ತಿರಲಿಲ್ಲ, ಬಿಳಿಯನ್ನೂ ಕಚ್ಚಿಕೊಂಡೇ ಬರುತ್ತಿತ್ತು. ಕೋಳಿಯ ಬುಡದಿಂದ ಬೆಚ್ಚಗೆ ಎತ್ತಿ ತಂದ ಮೊಟ್ಟೆ, ಇದಕ್ಕಿಂತ ಒಳ್ಳೆಯದನ್ನು ಎಲ್ಲಿಂದ ತರಲಿ ಅಂತ ಅವಳ ಗೋಳು.

ಕಿತ್ತು ಹೋದ ಮೊಟ್ಟೆಯನ್ನು ಯುವರಾಜ ತಿನ್ನುತ್ತಿರಲಿಲ್ಲ. ಅದಕ್ಕೆ ಏಟಾಗಿದೆ ಅನ್ನುವಂತೆ ಅಂಗೈ ಮುಚ್ಚಿ ಅಳುತ್ತಿದ್ದ. "ಏನ್ ದಾಸಮ್ಮ, ನೀರು ಕಾಯ್ಸಕ್ಕೂ ಬರಲ್ವಾ ನಿಂಗೆ?" ಎಂದು ನೆರೆಯವರು ಆಡಿಕೊಂಡರು. ಅವಳು ಅವರ ಜೊತೆ ತಾನೂ ನಕ್ಕು, ಒಳಗೆ ಬಂದು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಕೆಟ್ಟ ಮೊಟ್ಟೆಗಳೆಲ್ಲ ಮಗಳು ರಾಧಾಮಣಿಯ ತಟ್ಟೆಗೆ ಬಂದವು. "ತಿನ್ನು ಮಗ, ರುಚಿ ಅದೇಯ."

ಆಮೇಲೆ ಒಂದು ದಿನ ಮೊಟ್ಟೆ ಇಡಿಯಾಗಿ ಸುಲಿದು ಬಂತು. ಮಾರನೆಯ ದಿನವೂ ಬಂತು. ಅಲ್ಲಿಂದ ಮುಂದೆ ಪ್ರತಿ ಬೆಳಿಗ್ಗೆ ದಾಸಮ್ಮ ಹಿತ್ತಿಲಿನಲ್ಲಿ ಸಣ್ಣ ಉರಿ ಮಾಡಿ, ಮಗನನ್ನು ಎದುರಿಗೆ ಕೂರಿಸಿಕೊಂಡು, ಹಿಂದಿನ ದಿನ ಏನೇನಾಯಿತು ಅಂತ ಹೇಳುತ್ತಿದ್ದಳು. ಯಾರ ಹೊಲದಲ್ಲಿ ಕಳೆ, ಯಾರ ಮನೆಯ ಎಮ್ಮೆ ಕರು ಹಾಕಿತು, ಕಳ್ಳಂಬೆಳ್ಳದ ಕೆರೆಗೆ ನೀರು ಬಂತಂತೆ, ಇಂಥವೇ. ಮನೆಯಲ್ಲಿ ಗಡಿಯಾರ ಇರಲಿಲ್ಲ. ಅವಳ ಮಾತು ಮುಗಿದಾಗ ಮೊಟ್ಟೆ ಬೆಂದಿರುತ್ತಿತ್ತು. ಒಳಗೆ ಸ್ಕೂಲಿಗೆ ಜಡೆ ಹೆಣೆದುಕೊಳ್ಳುತ್ತಿದ್ದ ರಾಧಾಮಣಿಗೆ ಅವ್ವನ ಗುಣುಗುಣು ಕೇಳಿಸುತ್ತಿತ್ತು, ನಡುನಡುವೆ ತಮ್ಮನ ಹೂಂ. ಅವಳ ತಟ್ಟೆಗೆ ಮೊಟ್ಟೆ ಬರುವುದು ನಿಂತೇಹೋಯಿತು.

* * *

ಮಧ್ಯಾಹ್ನ ದಾಸಮ್ಮನನ್ನು ಎತ್ತಿದರು. ತಮಟೆಯ ಸದ್ದಿಗೂ ಯುವರಾಜ ಎದ್ದು ಬರಲಿಲ್ಲ. ನಾಗರತ್ನಮ್ಮ ಅವನ ಕಾವಲಿಗೆ ಮನೆಯಲ್ಲೇ ಉಳಿದಳು.

ಹೊಲದ ಬದುವಿನಲ್ಲಿ, ಚಿಕ್ಕನರಸಯ್ಯನ ಗುಂಡಿಯ ಪಕ್ಕದಲ್ಲೇ ಗುಂಡಿ ತೆಗೆದಿದ್ದರು. ಇಳಿಸಿದ ಮೇಲೆ ಮೊದಲ ಮಣ್ಣು ಹಾಕಬೇಕಾದವನು ಮಗ. ಎಲ್ಲರೂ ದೊಡ್ಡಹನುಮಯ್ಯನ ಮುಖ ನೋಡಿದರು.

"ನಾನ್ ಹಾಕ್ತೀನಿ," ಅಂದಳು ರಾಧಾಮಣಿ. "ಅವನ ಪಾಲಿಂದೂ."

ಮುದುಕ ಒಂದು ಗಳಿಗೆ ಯೋಚಿಸಿದ. "ಹಾಕು ಬುಡಮ್ಮ. ಇನ್ಯಾರವ್ರೆ."

ಅವಳು ಮೊದಲು ತಮ್ಮನ ಹೆಸರಿನಲ್ಲಿ ಮಣ್ಣು ಬಿಟ್ಟಳು, ಆಮೇಲೆ ತನ್ನದು. ಹೊಸ ಸೀರೆಯ ಮೇಲೆ ಮಣ್ಣು ಬಿದ್ದ ಸದ್ದು ಅವಳ ಕಿವಿಯಲ್ಲಿ ನಿಂತುಬಿಟ್ಟಿತು.

ವಾಪಸು ಬಂದಾಗ ನಾಗರತ್ನಮ್ಮ ಬೀದಿಯಲ್ಲಿ ನಿಂತಿದ್ದಳು.

"ಯಾಕ್ ಚಿಕ್ಕಮ್ಮ, ಹೊರಗಿದೀಯ?"

"ಒಳಗಿರಕ್ಕೆ ಆಗ್ಲಿಲ್ಲ ಕಣಮ್ಮ." ಅವಳ ತುಟಿ ಒಣಗಿತ್ತು. "ಪಾಪ ಅಂತ ಮಾತಾಡಿಸ್ತಾ ಕೂತಿದ್ದೆ. ನನ್ ಮಾತಿಗೆ ಒಂದ್ಸಲಾನೂ ಹೂಂ ಅನ್ಲಿಲ್ಲ. ನಾನ್ ಬಾಯ್ ಮುಚ್ಚಿದ್ ಮೇಲೆ ಅಂದ. ಯಾರೋ ಹೇಳ್ತಾ ಅವ್ರೆ ಅನ್ನಂಗೆ ಸುಮ್ಕಿರ್ತಾನೆ, ಹೂಂ ಅಂತಾನೆ. ನಡುವೆ ಒಂದ್ಸಲ ನಕ್ಕ ಕಣೆ, ತಮಾಷೆ ಕೇಳಿದ್ದೋನಂಗೆ. ನಮ್ಮಕ್ಕ ತಮಾಷೆ ಮಾಡ್ತಿದ್ಳು ನೋಡು ಅಂಗೇಯ. ಮೈ ಜುಮ್ಮಂತು, ಎದ್ದು ಬಂದ್ಬುಟ್ಟೆ."

ಕಾಲು ತೊಳೆದುಕೊಂಡು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟಿದ್ದ ದೀಪ ನೋಡಿ, ಬಂದವರು ಒಬ್ಬೊಬ್ಬರಾಗಿ ಹೊರಟರು. ಹೋಗುವವರು ಯಾಕೋ ಹಿತ್ತಿಲ ಕಡೆ ಕಣ್ಣು ಹಾಯಿಸದೆ ಹೋದರು.

ನಾಗರತ್ನಮ್ಮ ಕೋಳಿಗೂಡಿನಿಂದ ಒಂದು ಮೊಟ್ಟೆ ತಂದು ರಾಧಾಮಣಿಯ ಕೈಗಿಟ್ಟಳು. ಬೆಳಿಗ್ಗೆ ಸೂತಕ ಅಂದವಳು ಅವಳೇ.

"ಈಗ ಇಟ್ಟೈತೆ, ಇನ್ನೂ ಬೆಚ್ಚಗೈತೆ. ಬೇಯ್ಸಿ ಕೊಡು."

"ಹಾಲುತುಪ್ಪ ಆಗದೇ..." ಅಂತ ದೊಡ್ಡಹನುಮಯ್ಯ ಶುರು ಮಾಡಿದ.

"ಸುಮ್ಕಿರಿ ಬಾವ. ನಮ್ಮಕ್ಕ ಇನ್ನೂ ಇಲ್ಲಿಂದ ಹೋಗಿಲ್ಲ. ಮಗ ಉಣ್ದಲೆ ಅವ್ಳು ಎಲ್ಲೋಗ್ತಾಳೆ?"

ಮುದುಕ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನಿಗೂ ಅದೇ ಭಯವಿತ್ತು.

ರಾಧಾಮಣಿ ಒಲೆ ಹಚ್ಚಿದಳು. ಎಷ್ಟು ಹೊತ್ತು ಬೇಯಬೇಕು ಅಂತ ನರಸಿಂಹರಾಜು ಮೊಬೈಲಿನಲ್ಲಿ ನೋಡಿ ಹೇಳಿದ. ಅಷ್ಟೇ ಹೊತ್ತು ಬೇಯಿಸಿದಳು, ಇಳಿಸಿದಳು, ತಣ್ಣೀರಿಗೆ ಹಾಕಿದಳು. ಎಲ್ಲ ಸರಿಯಾಗಿಯೇ ಮಾಡಿದಳು. ಸಿಪ್ಪೆ ಮಾತ್ರ ಮೊದಲ ಚೂರಿಗೇ ಬಿಳಿಯನ್ನು ಕಚ್ಚಿಕೊಂಡು ಬಂತು. ಉಗುರಿನ ತುದಿಯಲ್ಲಿ ಎಬ್ಬಿಸಿದರೆ ಅಲ್ಲಿಯೂ ಕಿತ್ತಿತು. ಕೊನೆಗೆ ಅವಳ ಕೈಯಲ್ಲಿ ಉಳಿದದ್ದು ಗುಳಿಗುಳಿಯಾದ, ಹಳದಿ ಇಣುಕುವ ಒಂದು ಮುದ್ದೆ.

ಯುವರಾಜ ಈ ಕಡೆ ತಿರುಗಿದ್ದ. ಹಸಿದಿದ್ದ. ಕೈ ಚಾಚಿ ಇಸಿದುಕೊಂಡ, ನೋಡಿದ. ಆಮೇಲೆ ಅದರ ಮೇಲೆ ಅಂಗೈ ಮುಚ್ಚಿ, ಚಿಕ್ಕಂದಿನಲ್ಲಿ ಅಳುತ್ತಿದ್ದ ಹಾಗೆಯೇ ಅತ್ತ. ದೊಡ್ಡ ಗಂಡಸಿನ ಗಂಟಲಿನಿಂದ ಆ ಅಳು ಕೇಳುವುದಕ್ಕೆ ಆಗುತ್ತಿರಲಿಲ್ಲ.

"ಆಯ್ತು ಬುಡಮ್ಮ," ಅಂದ ದೊಡ್ಡಹನುಮಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನ್ ಕೈಲಾದ್ದು ನೀನ್ ಮಾಡ್ದೆ. ವ್ಯಾನಿನೋರಿಗೆ ಬೇಗ ಬರಕ್ಕೇಳ್ತೀನಿ." ಫೋನು ತೆಗೆದುಕೊಂಡು ಬೀದಿಯ ಕಡೆ ಹೋದ.

ನರಸಿಂಹರಾಜು ಹೆಂಡತಿಯ ಕಡೆ ನೋಡದೆ ನೆಲ ನೋಡಿದ. ಬೇರೆ ಮೊಟ್ಟೆ ತರೋಣವೆಂದರೆ, ಊರಿನಲ್ಲಿ ಸಾವಾಗಿದೆಯೆಂದು ಅಂಗಡಿ ಬಾಗಿಲು ಹಾಕಿತ್ತು. ರಾಧಾಮಣಿ ತಮ್ಮನ ಅಂಗೈ ಬಿಡಿಸಿ ಮೊಟ್ಟೆಯನ್ನು ತೆಗೆದುಕೊಂಡಳು. ಏನು ಮಾಡುತ್ತಿದ್ದೇನೆಂದು ಯೋಚಿಸದೆ ಬಾಯಿಗೆ ಹಾಕಿಕೊಂಡಳು. ಕಿತ್ತು ಹೋದ ಮೊಟ್ಟೆ ಅವಳ ಪಾಲಿನದು.

* * *

ಮೊಟ್ಟೆ ಬರುವುದು ನಿಂತ ಆ ವರ್ಷ, ಏನನ್ನೋ ಹುಡುಕುತ್ತ ಅವಳು ರಾಗಿ ತುಂಬಿದ ಗುಡಾಣಕ್ಕೆ ಕೈ ಹಾಕಿದ್ದಳು. ಒಳಗೆ ನುಣ್ಣಗೆ ಮೊಟ್ಟೆಗಳು ಸಿಕ್ಕವು, ಒಂದರ ಪಕ್ಕ ಒಂದು. ಅವಳಿಗೆ ಸಿಟ್ಟು ನೆತ್ತಿಗೇರಿತು.

"ನನ್ ಕಣ್ಣಿಗೆ ಬೀಳ್ಬಾರ್ದು ಅಂತ ಬಚ್ಚಿಟ್ಟಿದೀಯಾ?"

ಹುಣಸೆ ಕುಟ್ಟುತ್ತಿದ್ದ ದಾಸಮ್ಮ ತಲೆ ಎತ್ತಿರಲಿಲ್ಲ. "ಅಲ್ಲೇ ಮಡಗು, ಮುಟ್ಬ್ಯಾಡ. ಇನ್ನೂ ಆಗಿಲ್ಲ ಅವು."

ಸುಳ್ಳು ಹೇಳುವುದಕ್ಕೂ ಅವ್ವನಿಗೆ ಬರುವುದಿಲ್ಲ ಅಂದುಕೊಂಡಿದ್ದಳು ಹುಡುಗಿ. ಆ ಮುನಿಸು ಅವಳ ಜೊತೆಯಲ್ಲೇ ಬೆಳೆಯಿತು, ಮದುವೆಯಾಗಿ ಸಿರಾಕ್ಕೂ ಹೋಯಿತು. ಅವ್ವ ಬಟ್ಟೆಯಲ್ಲಿ ಕಟ್ಟಿಕೊಂಡು ನಾಟಿ ಮೊಟ್ಟೆ ತಂದರೆ, "ನಿನ್ ಮಗನಿಗೇ ಮಡಿಕ್ಕೊ" ಅಂತ ನಗುತ್ತಲೇ ಹೇಳಿ ವಾಪಸು ಕಳಿಸಿದ್ದುಂಟು. ದಾಸಮ್ಮ ಏನೂ ಅನ್ನದೆ ಗಂಟು ಎತ್ತಿಕೊಂಡು ಹೋಗುತ್ತಿದ್ದಳು.

* * *

ಇನ್ನೂ ಆಗಿಲ್ಲ ಅವು.

ರಾಧಾಮಣಿ ಅಗಿಯುವುದನ್ನು ನಿಲ್ಲಿಸಿದಳು. ಹುಲ್ಲಿನಲ್ಲಿ ಹಾಕಿಟ್ಟ ಮಾವಿನಕಾಯಿ ಹಣ್ಣಾಗದಿದ್ದರೆ ಇನ್ನೂ ಆಗಿಲ್ಲ ಅನ್ನುತ್ತಾರೆ. ಅವ್ವ ಮೊಟ್ಟೆಯನ್ನು ಮಗಳಿಂದ ಬಚ್ಚಿಟ್ಟಿರಲಿಲ್ಲ. ಬಿಸಿ ಆರದ ಹೊಸ ಮೊಟ್ಟೆಯ ಸಿಪ್ಪೆ ಬಿಡುವುದಿಲ್ಲ ಅಂತ ಯಾವಾಗಲೋ ಕಂಡುಕೊಂಡು, ರಾಗಿಯ ತಂಪಿನಲ್ಲಿ ಹಳತಾಗಲು ಬಿಟ್ಟಿದ್ದಳು.

ಎದ್ದು ಒಳಗೆ ಹೋದಳು. ಗುಡಾಣದ ಜಾಗದಲ್ಲಿ ಈಗ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮೊಳಕೈವರೆಗೆ ತೋಳು ಇಳಿಸಿದಳು. ರಾಗಿ ತಣ್ಣಗಿತ್ತು. ಬೆರಳಿಗೆ ಮೊಟ್ಟೆ ಸಿಕ್ಕಿತು, ಅದರ ಪಕ್ಕ ಇನ್ನೊಂದು. ಅವ್ವ ತನ್ನ ಕೈಯಾರೆ ಇಟ್ಟವು. ಇವು ಮುಗಿದರೆ ಅವ್ವ ಇಟ್ಟ ಮೊಟ್ಟೆ ಇನ್ನಿಲ್ಲ. ತೋಳು ರಾಗಿಯೊಳಗೆ ಇರುವಂತೆಯೇ ಡ್ರಮ್ಮಿನ ಅಂಚಿಗೆ ಹಣೆ ಕೊಟ್ಟು ರಾಧಾಮಣಿ ಅತ್ತಳು. ಎಷ್ಟು ವರ್ಷ ಒಂದು ಸುಳ್ಳು ಮುನಿಸನ್ನು ಸಾಕಿಕೊಂಡಿದ್ದೆ ಅಂತ ಅತ್ತಳು.

ಹಿತ್ತಿಲಿಗೆ ಬಂದು, ಬಾಗಿಲ ಹಿಂದೆ ಇದ್ದ ಅವ್ವನ ಉದ್ದನೆಯ ಮಣೆ ತೆಗೆದುಕೊಂಡು ಒಲೆಯ ಆಚೆ ಬದಿಗೆ, ಗೋಡೆಗೆ ಬೆನ್ನು ಕೊಟ್ಟು ಕೂತಳು. ಪಾತ್ರೆಗೆ ತಣ್ಣೀರು ಹಾಕಿ, ಮೊಟ್ಟೆ ಇಟ್ಟು, ಸಣ್ಣ ಉರಿ ಮಾಡಿದಳು.

"ಮೊಬೈಲಲ್ಲಿ ಟೈಮ್ ಇಡ್ಲಾ?" ಅಂದ ನರಸಿಂಹರಾಜು.

ಅವಳು ಉತ್ತರ ಕೊಡುವ ಮೊದಲೇ ಯುವರಾಜ ಅಲ್ಲಾಡಿದ. ಮೊಟ್ಟೆಯ ಮೇಲೆ ಅಂಟಿದ್ದ ರಾಗಿ ಕಾಳುಗಳು ನೀರಿನಲ್ಲಿ ಬಿಟ್ಟುಕೊಂಡು ತೇಲುವುದನ್ನು ನೋಡಿದ. ಮಂಡಿ ಮಡಿಸಿ ಸರಿಯಾಗಿ ಕೂತ. ಕಣ್ಣೆತ್ತಿ ಅಕ್ಕನ ಮುಖ ನೋಡಿದ.

"ಹೂಂ?" ಅಂದ.

ಕೇಳುವವನು ಸಿದ್ಧವಾಗಿದ್ದ. ಹೇಳುವವರು ಹೇಳಬೇಕಾಗಿತ್ತು. ನಿನ್ನೆಯ ಸುದ್ದಿ. ಅವನಿಗೆ ಇದುವರೆಗೆ ಯಾರೂ ಹೇಳಿರಲಿಲ್ಲ, ಹೇಳಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ರಾಧಾಮಣಿ ಉರಿಗೆ ಒಂದು ಕಡ್ಡಿ ಇಟ್ಟಳು.

"ನಿನ್ನೆ ಅವ್ವ ಹುಣಸೆಹಣ್ಣು ಬಿಡಿಸ್ತಾ ಕೂತಿದ್ಳು."

"ಹೂಂ."

"ಬಿಸ್ಲು ಜೋರಿತ್ತು. ಒಂದ್ ಲೋಟ ನೀರು ಕೊಡಿ ಅಂದ್ಳಂತೆ. ಕುಡಿದ್ಳಂತೆ."

"ಹೂಂ."

"ಎದೆ ನೋವು ಬಂತು ಕಣ್ಲಾ ಅವ್ವಂಗೆ. ಆಟೋದಲ್ಲಿ ಕರ್ಕೊಂಡೋದ್ರು. ದಾರೀಲಿ ನಿನ್ ಹೆಸ್ರೇ ಹೇಳ್ತಿದ್ಳಂತೆ."

"ಹೂಂ."

ನೀರು ಕುದಿಯತೊಡಗಿತು. ಮೊಟ್ಟೆಗಳು ಪಾತ್ರೆಗೆ ತಾಕಿ ಟಕಟಕ ಅಂದವು. ನಾಗರತ್ನಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ದೊಡ್ಡಹನುಮಯ್ಯ, ಕೈಯಲ್ಲಿ ಫೋನು.

"ಆಮೇಲೆ ಅವ್ವ ಹೋಗ್ಬುಟ್ಳು."

"ಹೂಂ."

"ಇವತ್ತು ಜನ ಎಲ್ಲ ಬಂದಿದ್ರು. ಹೂವು ಹಾಕುದ್ರು. ಹೊಸ ಸೀರೆ ಉಡುಸ್ದೆ ನಾನು, ನಮ್ಮಂಗಡೀದು. ಹಸುರು ಬಣ್ಣ. ಬದುವಿನ ತಾವ ಅಪ್ಪನ ಪಕ್ಕದಲ್ಲಿ ಮಲಗುಸಿದ್ವಿ." ಅವಳ ದನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. "ಮಣ್ಣು ಹಾಕಿದ್ವಿ. ನಿನ್ ಪಾಲಿಂದು ನಾನೇ ಹಾಕ್ದೆ. ಅವ್ವ ಇನ್ ಬರಲ್ಲ ಕಣಪ್ಪ."

ಯುವರಾಜ ಹೂಂ ಅನ್ನಲಿಲ್ಲ. ಮೊಟ್ಟೆ ತಾಕುವ ಸದ್ದೊಂದೇ ಉಳಿಯಿತು. ರಾಧಾಮಣಿ ಕಾದಳು. ಹೇಳುವುದಕ್ಕೆ ಅವಳ ಬಳಿ ಇನ್ನೇನೂ ಇರಲಿಲ್ಲ. ಅವನು ಪಾತ್ರೆಯನ್ನು ನೋಡಿದ, ಉರಿಯನ್ನು ನೋಡಿದ, ಬಹಳ ಹೊತ್ತು ಅಕ್ಕನ ಮುಖ ನೋಡಿದ.

"ಹೂಂ," ಅಂದ.

ಅವಳು ಪಾತ್ರೆ ಇಳಿಸಿ ಮೊಟ್ಟೆಗಳನ್ನು ತಣ್ಣೀರಿಗೆ ಹಾಕಿದಳು. ಆರಿದ ಮೇಲೆ ಒಂದನ್ನು ನೆಲದ ಮೇಲೆ ಮೆಲ್ಲಗೆ ಉರುಳಿಸಿ, ದಪ್ಪನೆಯ ತುದಿಯಿಂದ ಬಿಡಿಸಿದಳು. ಸಿಪ್ಪೆ ಒಳಗಿನ ಪೊರೆಯ ಸಮೇತ ಬಿಟ್ಟುಕೊಂಡು ಬಂತು. ಮೊಟ್ಟೆ ಎಲ್ಲೂ ಕಿತ್ತುಹೋಗದೆ ಇಡಿಯಾಗಿ ಅಂಗೈಗೆ ಬಂದು ಕೂತಿತು.

ಯುವರಾಜ ಅದನ್ನು ತೆಗೆದುಕೊಂಡು ಕೆನ್ನೆಗೆ ಒತ್ತಿಕೊಂಡ. ಆಮೇಲೆ ತಿನ್ನಲು ಶುರು ಮಾಡಿದ.

"ಹಲೋ," ಅಂದ ದೊಡ್ಡಹನುಮಯ್ಯ, ಮತ್ತೆ ಫೋನು ಹಚ್ಚಿ. "ಇಲ್ಲ ಸ್ವಾಮಿ, ವ್ಯಾನು ಬ್ಯಾಡ. ಅಕ್ಕನ ಮನೆಗೆ ಹೋಯ್ತಾನೆ."

ನರಸಿಂಹರಾಜು ಕಣ್ಣೊರೆಸಿಕೊಂಡು, "ಟೆಂಪೋ ಮುಂದಿನ ಸೀಟಲ್ಲೇ ಕೂರುಸ್ಕೊಂಡೋಗನ ಬುಡು," ಅಂದ. ಹೊತ್ತು ಮುಳುಗುತ್ತಿತ್ತು. ಉರಿ ತಗ್ಗಿ ಒಲೆಯಲ್ಲಿ ಕೆಂಡ ಮಾತ್ರ ಉಳಿದಿತ್ತು. ಯುವರಾಜ ಅವಸರವಿಲ್ಲದೆ ಅಗಿಯುತ್ತಿದ್ದ.

"ಹೂಂ," ಅಂದ.

ಯಾರೂ ಮಾತಾಡಿರಲಿಲ್ಲ. ಅವನು ನೋಡುತ್ತಿದ್ದುದು ರಾಧಾಮಣಿಯನ್ನಲ್ಲ, ಅವಳ ಎಡಕ್ಕೆ, ಸ್ವಲ್ಪ ಆಚೆಗೆ. ಒಂದು ಮಾತಿನಷ್ಟು ಹೊತ್ತು ಬಿಟ್ಟು ನಸುನಕ್ಕ.

ರಾಧಾಮಣಿ ತಿರುಗಿ ನೋಡಲಿಲ್ಲ. ಮಣೆಯ ಬಲ ತುದಿಗೆ ಸರಿದು, ಪಕ್ಕದಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.